ಅಟ್ಲಾಂಟಾದ ಮದುವೆಗೆ ತರಿಸಿದ ಪೊರಕೆ

ಆಫ್ರಿಕನ್ ಅಮೆರಿಕನ್ನರ ಅನೇಕ ಮದುವೆಗಳಲ್ಲಿ ಪಾದ್ರಿಯು ವಧೂವರರನ್ನು ಸತಿಪತಿಗಳೆಂದು ಘೋಷಿಸಿದ ಕೂಡಲೇ ಅವರ ಮುಂದೆ ನೆಲದ ಮೇಲೆ ಒಂದು ಪೊರಕೆಯನ್ನು ಅಡ್ಡಲಾಗಿ ಇಡುತ್ತಾರೆ. ನೆರೆದವರೆಲ್ಲ ಒಕ್ಕೊರಲಿನಿಂದ ಎಣಿಸುತ್ತಿದ್ದಂತೆ ಇಬ್ಬರೂ ಕೈ ಹಿಡಿದುಕೊಂಡು ಅದನ್ನು ಜಿಗಿದು ದಾಟುತ್ತಾರೆ. ಹಲವು ವರ್ಷ ನನ್ನ ಪಕ್ಕದ ಮೇಜಿನಲ್ಲಿ ಕೆಲಸ ಮಾಡಿದ ಗೆಳತಿಯ ಮದುವೆ ಅಟ್ಲಾಂಟಾದಲ್ಲಿ ನಿಶ್ಚಯವಾದಾಗ, ಆ ಪೊರಕೆಯನ್ನು ಉಡುಗೊರೆಯಾಗಿ ತರಿಸಿಕೊಡುವ ಭಾಗ್ಯ ನನ್ನದಾಯಿತು. ಪೊರಕೆಯನ್ನು ದಾಟಬಾರದೆಂದು ಕೇಳುತ್ತಲೇ ಬೆಳೆದ ನನಗೆ ಇದು ಮೊದಲು ವಿಚಿತ್ರವೆನಿಸಿದ್ದು ನಿಜ. ಆದರೆ ಅದರ ಹಿಂದಿನ ಕಥೆಯನ್ನು ಓದುತ್ತ ಹೋದಂತೆ, ಕೊಡುವುದಾದರೆ ಒಳ್ಳೆಯದನ್ನೇ ಕೊಡಬೇಕೆಂಬ ಹಟ ಹುಟ್ಟಿತು. ಕೈಕಸುಬಿನ ಒಂದು ಸಣ್ಣ ಅಂಗಡಿಗೆ ಮದುವೆಗಿಂತ ಆರು ವಾರ ಮುಂಚೆ ಬೇಡಿಕೆ ಸಲ್ಲಿಸಿದೆ. ಸಾಗಣೆಯೂ ಸೇರಿ 95 ಡಾಲರ್ ಆಯಿತು.

ಪೊರಕೆಯ ಕಸುಬಿನ ಬಗ್ಗೆ ನನ್ನದು ಮೆಚ್ಚುಗೆಯ ಮಾತೇ. ಇದನ್ನು ಬ್ರೂಮ್‌ಕಾರ್ನ್ ಎಂಬ ಗಿಡದ ತೆನೆಯಿಂದ ಕಟ್ಟುತ್ತಾರೆ. ಹೆಸರಿನಲ್ಲಿ ಕಾರ್ನ್ ಇದ್ದರೂ ಅದು ಮೆಕ್ಕೆಜೋಳವಲ್ಲ, ನಾವು ರೊಟ್ಟಿ ಮಾಡುವ ಜೋಳದ್ದೇ ಒಂದು ಜಾತಿ. ಆ ಜೋಳದ ಮೂಲ ನೆಲೆ ಆಫ್ರಿಕಾ. ಕಾಳು ಉದುರಿಸಿದ ತೆನೆಯ ಉದ್ದನೆಯ ಎಳೆಗಳನ್ನು ಸಿಪ್ಪೆ ತೆಗೆದ ಮರದ ಕೊಂಬೆಯ ಸುತ್ತ ಬಿಗಿದು, ಮೇಣ ಹಚ್ಚಿದ ದಪ್ಪ ದಾರದಿಂದ ನಾಲ್ಕು ಸಾಲು ಹೊಲಿದಿದ್ದರು. ಒಂದು ಸಾಲೂ ಓರೆಯಾಗಿರಲಿಲ್ಲ. ಹಿಡಿಯ ಮಧ್ಯದಲ್ಲಿದ್ದ ಗಂಟನ್ನು ಕೆತ್ತಿ ತೆಗೆಯದೆ ಉಜ್ಜಿ ನುಣುಪಾಗಿಸಿದ್ದರಿಂದ ಹೆಬ್ಬೆರಳು ತಾನಾಗಿಯೇ ಅಲ್ಲಿ ಹೋಗಿ ಕೂರುತ್ತಿತ್ತು. ಪೆಟ್ಟಿಗೆ ಬಿಚ್ಚಿದಾಗ ಒಣಹುಲ್ಲಿನ ವಾಸನೆ ಕೋಣೆಯನ್ನೆಲ್ಲ ತುಂಬಿತು.

ಅಲಂಕಾರದ ವಿಷಯದಲ್ಲಿ ಅದೇ ಮಾತನ್ನು ಹೇಳಲಾರೆ. ಹಿಡಿಗೆ ಸುತ್ತಿದ ಪಟ್ಟಿಯನ್ನು ಅಂಗಡಿಯವರು ಕೆಂಟೆ ಎಂದು ವರ್ಣಿಸಿದ್ದರು. ಕೆಂಟೆಯೆಂದರೆ ಘಾನಾದ ಅಸಾಂಟೆ ಮತ್ತು ಎವೆ ನೇಕಾರರು ಕಿರಿದಾದ ಪಟ್ಟಿಗಳಾಗಿ ನೇಯ್ದು, ಅಂಚಿಗೆ ಅಂಚು ಸೇರಿಸಿ ಹೊಲಿಯುವ ಬಟ್ಟೆ. ಬಣ್ಣವು ನೂಲಿನಲ್ಲೇ ಇರುವುದರಿಂದ ಅದರ ಹಿಂಬದಿಯೂ ಬಣ್ಣದ್ದೇ. ನಮಗೆ ಬಂದ ಪಟ್ಟಿಯನ್ನು ತಿರುಗಿಸಿ ನೋಡಿದರೆ ಹಿಂಬದಿ ಪೂರ್ತಿ ಬಿಳಿ. ಪಾಲಿಯೆಸ್ಟರ್ ರಿಬ್ಬನ್ನಿನ ಮೇಲೆ ಕೆಂಟೆಯ ಚಿತ್ತಾರವನ್ನು ಅಚ್ಚು ಹಾಕಿದ್ದರು. ದಾರದಿಂದ ಪೋಣಿಸಬೇಕಾಗಿದ್ದ ಏಳು ಕವಡೆಗಳನ್ನು ಅಂಟಿನಿಂದ ಅಂಟಿಸಿದ್ದರಿಂದ ಎರಡು ಕವಡೆಗಳು ಪೆಟ್ಟಿಗೆಯಲ್ಲೇ ಕಳಚಿ ಬಿದ್ದಿದ್ದವು.

ನನಗೆ ಹೆಚ್ಚು ನೋವು ತಂದದ್ದು ಜೊತೆಗಿದ್ದ ಮುದ್ರಿತ ಚೀಟಿ. ಇದು ಆಫ್ರಿಕಾದ ರಾಜಮನೆತನಗಳಿಂದ ಅಳಿಯದೆ ಉಳಿದು ಬಂದ ಪದ್ಧತಿ ಎಂದು ಅದು ಎರಡೇ ಸಾಲಿನಲ್ಲಿ ಸಾರಿ ಮುಗಿಸಿತ್ತು. ಪೊರಕೆ ದಾಟಿ ಮದುವೆಯಾಗುವ ರೂಢಿ ವೇಲ್ಸ್‌ನಲ್ಲಿಯೂ ಬ್ರಿಟನ್ನಿನ ಅಲೆಮಾರಿ ಸಮುದಾಯಗಳಲ್ಲಿಯೂ ಇತ್ತು. ಅಮೆರಿಕದ ಗುಲಾಮರ ನಡುವೆ ಅದು ಬೇರೂರಿದ ಬಗೆಯನ್ನು ಒಂದೇ ಮೂಲಕ್ಕೆ ಕಟ್ಟಿಹಾಕಲು ಬರುವುದಿಲ್ಲ. ಅದಕ್ಕಿಂತ ಮಿಗಿಲಾಗಿ, ಆ ಚೀಟಿಯಲ್ಲಿ ಗುಲಾಮಗಿರಿಯ ಹೆಸರೇ ಇರಲಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಗುಲಾಮರ ಮದುವೆಗೆ ಕಾನೂನಿನ ಮಾನ್ಯತೆ ಇರಲಿಲ್ಲ, ಗಂಡನನ್ನೋ ಹೆಂಡತಿಯನ್ನೋ ಒಡೆಯನು ಯಾವ ದಿನ ಬೇಕಾದರೂ ಮಾರಬಹುದಾಗಿತ್ತು. ಆದ್ದರಿಂದಲೇ ಅವರ ಪ್ರತಿಜ್ಞೆಗಳಲ್ಲಿ ಸಾವಿನ ಜೊತೆಗೆ ದೂರವೂ ಸೇರಿ, 'ಸಾವು ಅಥವಾ ದೂರ ನಮ್ಮನ್ನು ಅಗಲಿಸುವವರೆಗೆ' ಎಂದು ಹೇಳಿಸುತ್ತಿದ್ದುದುಂಟು. 1930ರ ದಶಕದಲ್ಲಿ ಬರೆದಿಟ್ಟುಕೊಂಡ, ಗುಲಾಮಗಿರಿಯನ್ನು ಕಂಡುಂಡ ಹಿರಿಯರ ನೆನಪುಗಳಲ್ಲಿ, ಒಡೆಯನೇ ಪೊರಕೆ ಹಿಡಿದು ನಿಂತು ತನ್ನ ಮೋಜಿಗಾಗಿ ಅವರನ್ನು ಹಿಮ್ಮುಖವಾಗಿ ಜಿಗಿಸಿದ ಪ್ರಸಂಗವೂ ಇದೆ. 1865ರಲ್ಲಿ ಬಿಡುಗಡೆಯಾದ ಮೇಲೆ ಸಾವಿರಾರು ದಂಪತಿಗಳು ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ತಮ್ಮ ಮದುವೆಯನ್ನು ದಾಖಲೆಗೆ ಸೇರಿಸಿದ್ದು. ಕಾಗದ ಸಿಕ್ಕವರಲ್ಲಿ ಅನೇಕರಿಗೆ ಪೊರಕೆ ಬೇಡವಾಯಿತು; ಅದು ನೋವಿನ ಗುರುತಾಗಿತ್ತು. ಆ ಗುರುತನ್ನು ಮೊಮ್ಮಕ್ಕಳ ಮಕ್ಕಳು ಹೆಮ್ಮೆಯಿಂದ ಮತ್ತೆ ಕೈಗೆತ್ತಿಕೊಳ್ಳುವಂತೆ ಮಾಡಿದ್ದರಲ್ಲಿ, ಗುಲಾಮ ಕುಟುಂಬವೊಂದರ ತಲೆಮಾರುಗಳ ಕಥೆ ಹೇಳುವ, ಲೇಖಕ ಅಲೆಕ್ಸ್ ಹೇಲಿಯವರ ಪುಸ್ತಕವನ್ನು ಆಧರಿಸಿ 1977ರಲ್ಲಿ ಪ್ರಸಾರವಾದ 'ರೂಟ್ಸ್' ದೂರದರ್ಶನ ಸರಣಿಯ ಪಾಲು ದೊಡ್ಡದು. ಇಷ್ಟು ಗಟ್ಟಿಯಾದ ಚರಿತ್ರೆ ಕೈಯಲ್ಲಿರುವಾಗ ರಾಜಮನೆತನದ ಬಣ್ಣ ಬಳಿಯುವ ಅಗತ್ಯ ಅಂಗಡಿಯವರಿಗೆ ಏಕೆ ಬಂತೋ ನನಗೆ ಅರ್ಥವಾಗಲಿಲ್ಲ.

ಚೀಟಿಯನ್ನು ಗೆಳತಿಗೆ ಕೊಡಲಿಲ್ಲ. ರಿಬ್ಬನ್ನಿನ ಸಂಗತಿಯನ್ನು ಮಾತ್ರ ಮುಚ್ಚಿಡದೆ ಹೇಳಿದೆ. ಅವಳ ಅಜ್ಜಿ ಮಾತನಾಡದೆ ಒಳಗೆ ಹೋಗಿ, ತಾವು ಚರ್ಚಿಗೆ ಧರಿಸುತ್ತಿದ್ದ ಹಳೆಯ ಟೋಪಿಯ ನೇರಳೆ ರೇಷ್ಮೆ ಪಟ್ಟಿಯನ್ನು ಬಿಡಿಸಿ ತಂದರು. ಪಾಲಿಯೆಸ್ಟರನ್ನು ಕತ್ತರಿಸಿ ತೆಗೆದು ಅದನ್ನೇ ಸುತ್ತಿದೆವು, ಕವಡೆಗಳನ್ನು ದಾರದಿಂದ ಪೋಣಿಸಿ ಕಟ್ಟಿದೆವು. ಮದುವೆಯ ದಿನ ಬಾಗಿಲ ಬಳಿ ಬುಟ್ಟಿಯಲ್ಲಿ ಸಣ್ಣ ಬಿಳಿ ರಿಬ್ಬನ್ನುಗಳನ್ನು ಇಟ್ಟಿದ್ದರು. ಬಂದವರು ತಮ್ಮ ಹೆಸರನ್ನೋ ಅಗಲಿದ ಹಿರಿಯರ ಹೆಸರನ್ನೋ ಬರೆದು ಪೊರಕೆಗೆ ಕಟ್ಟಿದರು. ನೂರಕ್ಕೂ ಹೆಚ್ಚು ರಿಬ್ಬನ್ನುಗಳ ಭಾರಕ್ಕೂ ಹೊಲಿಗೆ ಸಡಿಲವಾಗಲಿಲ್ಲ, ಒಂದು ಎಳೆಯೂ ಕಿತ್ತು ಬರಲಿಲ್ಲ. ಅಜ್ಜಿಯೇ ಆ ಪೊರಕೆಯಿಂದ ಇಬ್ಬರ ಸುತ್ತ ಮೆಲ್ಲನೆ ಗುಡಿಸಿ, ಅದನ್ನು ನೆಲಕ್ಕಿಟ್ಟು, ಮೊಣಕಾಲಿಗೆ ಕೈ ಊರಿ ಎದ್ದು ನಿಂತರು. ಮೂರು ಎನ್ನುವ ಕೂಗು ಮುಗಿಯುವ ಮುನ್ನವೇ ಜೋಡಿ ಆಚೆ ದಾಟಿತ್ತು.

ಈ ಅಂಗಡಿಯಿಂದ ತರಿಸುವವರು ಅಲಂಕಾರವಿಲ್ಲದ ಪೊರಕೆಯನ್ನೇ ಕೇಳಿ. 20 ಡಾಲರ್ ಕಡಿಮೆಯೂ ಆಗುತ್ತದೆ, ಸುತ್ತುವ ಬಟ್ಟೆಯನ್ನು ಮನೆಯವರೇ ಆರಿಸಿಕೊಳ್ಳಬಹುದು. ನನಗೆ ಪೊರಕೆ ತಲುಪಲು ಐದು ವಾರ ಹಿಡಿಯಿತು, ಆದ್ದರಿಂದ ಎರಡು ತಿಂಗಳ ಮುಂಚೆಯೇ ಹೇಳಿಟ್ಟರೆ ನಿಶ್ಚಿಂತೆ. ಕವಡೆ ಮತ್ತು ರಿಬ್ಬನ್ನಿನ ವಿಷಯ ಬರೆದಾಗ ಅಂಗಡಿಯವರು ಕ್ಷಮೆ ಕೇಳಿ 20 ಡಾಲರನ್ನು ಮರಳಿಸಿದರು. ಚೀಟಿಯ ಬಗ್ಗೆ ಬರೆದ ದೀರ್ಘ ಪತ್ರಕ್ಕೆ ಇನ್ನೂ ಉತ್ತರ ಬಂದಿಲ್ಲ.