ತುಮಕೂರಿನ ಆಫೀಸ್ ಇಂಗ್ಲಿಷ್ ತರಗತಿ: ಪಾಠ ಗಟ್ಟಿ, ನೋಟ್ಸ್ ಹಳೇದು

ಬಿ.ಎಚ್. ರಸ್ತೆ ಕಡೆಯ ಈ ಭಾನುವಾರದ ತರಗತಿಗೆ ಬರುವವರು ಹೆಚ್ಚಾಗಿ ವಸಂತನರಸಾಪುರದ ಫ್ಯಾಕ್ಟರಿಗಳ ಸ್ಟೋರ್ಸ್, ಡಿಸ್‌ಪ್ಯಾಚ್ ಸಿಬ್ಬಂದಿ. ಹಿಂದೆ ಹೇಳಿದ್ದನ್ನು ಪತ್ರದಲ್ಲಿ ಮತ್ತೆ ಉಲ್ಲೇಖಿಸುವ ಪಾಠವೊಂದಕ್ಕೇ ಕೊಟ್ಟ ಫೀಸು ದಕ್ಕುತ್ತದೆ.

'ಆಸ್ ಇಟ್ ಈಸ್ ಮೆನ್ಷನ್ಡ್ ಅಬೋವ್' ಎಂದು ಬರೆದರೆ ಮೇಷ್ಟ್ರು ನಡುವಿನ 'ಇಟ್ ಈಸ್' ಹೊಡೆದುಹಾಕುತ್ತಾರೆ. 'ಆಸ್ ಮೆನ್ಷನ್ಡ್ ಅಬೋವ್' ಸಾಕು, ಅದೂ ವಿಷಯ ಅದೇ ಪತ್ರದಲ್ಲಿ ಮೇಲಿದ್ದರೆ ಮಾತ್ರ. ಹೋದ ವಾರದ ಪತ್ರವಾದರೆ 'ವಿತ್ ರೆಫರೆನ್ಸ್ ಟು ಯುವರ್ ಲೆಟರ್ ಡೇಟೆಡ್' ಎಂದು ತಾರೀಖು ಹಾಕಬೇಕು. ಫೋನಿನಲ್ಲಿ ಮಾತಾಡಿದ್ದಕ್ಕೆ 'ಆಸ್ ಡಿಸ್ಕಸ್ಡ್'. ಮುಂದೆ 'ಅಬೌಟ್' ಅಂಟಿಸಬಾರದು.

'ಫಾರ್ಮರ್' (ಮೊದಲು ಹೇಳಿದ್ದು), 'ಲ್ಯಾಟರ್' (ಆಮೇಲೆ ಹೇಳಿದ್ದು) ಎರಡೇ ವಸ್ತು ಇದ್ದಾಗ. ಬೋಲ್ಟ್, ನಟ್, ವಾಷರ್ ಮೂರನ್ನೂ ಬರೆದು 'ದಿ ಲ್ಯಾಟರ್ ಈಸ್ ಶಾರ್ಟ್' ಎಂದರೆ ಸಪ್ಲೈಯರ್ ಏನನ್ನು ಕಳಿಸಬೇಕು ಪಾಪ? 'ದಿ ವಾಷರ್ಸ್' ಅಂತಲೇ ಬರೆಯಿರಿ. ಲ್ಯಾಟರ್‌ಗೆ ಎರಡು 'ಟಿ'. ಒಂದು ಬಿಟ್ಟರೆ ಅದು 'ಲೇಟರ್' ಆಗುತ್ತದೆ, ಸ್ಪೆಲ್‌ಚೆಕ್ ಹಿಡಿಯದೇ ಇರಬಹುದು. ಬರೀ 'ದಿಸ್' ಎಂದು ವಾಕ್ಯ ಶುರುಮಾಡುವ ಚಟಕ್ಕೂ ಮದ್ದಿದೆ: 'ದಿಸ್ ಡಿಲೇ', 'ದಿಸ್ ಇನ್‌ವಾಯ್ಸ್' ಎಂದು ಪಕ್ಕದಲ್ಲೊಂದು ನಾಮಪದ ಕೂರಿಸುವುದು.

ನೋಟ್ಸ್ ಮಾತ್ರ ಹಳೇ ಕಾಲದ್ದು. 'ಅಫೋರ್‌ಸೆಡ್' (ಮೇಲೆ ಹೇಳಿದ) ಪುಟಪುಟದಲ್ಲೂ ಇದೆ. ಕರಾರುಪತ್ರಕ್ಕೆ ಸರಿ, ಈಮೇಲ್‌ಗೆ ಭಾರ. 'ಸೆಂಡ್ ದಿ ಸೇಮ್' ಕೂಡ ಹಾಗೇ, ಅಲ್ಲಿ 'ಇಟ್' ಸಾಕು. ನಿಮ್ಮದೇ ಆಫೀಸಿನ ಪತ್ರ ಒಯ್ದರೆ ಕೆಂಪು ಇಂಕಿನಲ್ಲಿ ತಿದ್ದಿಕೊಡುತ್ತಾರೆ, ಬರಿಗೈಲಿ ಹೋದವರಿಗೆ ಅರ್ಧ ಲಾಭ. ಸ್ಪೋಕನ್ ಇಂಗ್ಲಿಷ್ ಬೇಕಾದವರು ಬೇರೆ ಕಡೆ ನೋಡಿ.