ಲುವಾ 5.4: ಕಬ್ಬಿನ ಕಾಟಾ ಸಾಫ್ಟ್‌ವೇರ್ ಒಳಗ ಕೂರಿಸಿ ಸೀಸನ್‌ಗಟ್ಲೆ ಓಡಿಸಿದ ಮ್ಯಾಲ

ಲುವಾ ಅಂದ್ರ ಬ್ಯಾರೆ ಸಾಫ್ಟ್‌ವೇರ್ ಒಳಗ ಕೂರಿಸೂ ಸಣ್ಣ ಸ್ಕ್ರಿಪ್ಟ್ ಭಾಷೆ. ಅದರ ಸ್ಪೀಡ್ ಎಷ್ಟು, ಬೆಂಚ್‌ಮಾರ್ಕ್ ಏನು ಅನ್ನೂದು ಎಲ್ಲಾ ಕಡೆ ಸಿಗತೈತಿ, ಅದನ್ನ ಬಿಡ್ರಿ. ಮುಧೋಳ ಕಡೆ ಸಕ್ರಿ ಫ್ಯಾಕ್ಟರಿಗೆ ನಾವಿಬ್ರು ಕೂಡಿ ತೂಕದ ಸಾಫ್ಟ್‌ವೇರ್ ಮಾಡಿಕೊಡ್ತೀವಿ, ಸಿ ಪ್ಲಸ್ ಪ್ಲಸ್‌ನಾಗ. ಕಾಟಾ (ತೂಕದ ಯಂತ್ರ) ಓದೂ ಕೋಡ್ ವರ್ಷಾನುಗಟ್ಲೆ ಹಂಗ ಇರತೈತಿ, ಬದಲಾಗೂದು ರವದಿ (ಕಬ್ಬಿನ ಒಣ ಎಲಿ) ಕಡಿತ, ರೌಂಡಿಂಗ್, ಚೀಟಿ ಮ್ಯಾಲ ಏನ್ ಬರಬೇಕು ಅನ್ನೂದು, ಮೊದ್ಲ ಇಷ್ಟಕ್ಕೂ ಕಂಪೈಲ್ ಮಾಡಿ ಪೆನ್‌ಡ್ರೈವ್ ಕಿಸೆದಾಗ ಹಾಕ್ಕೊಂಡು ಬೈಕ್ ಹತ್ತಬೇಕಿತ್ತು.

ಈಗ ಆ ಬದಲಾಗೂದೆಲ್ಲಾ ಲುವಾ ಸ್ಕ್ರಿಪ್ಟ್ ಫೈಲ್‌ನಾಗ ಐತಿ. ಶಿಫ್ಟ್ ಚಾಲೂ ಆಗೂಮುಂದ ಆಪರೇಟರ್ ನೋಟ್‌ಪ್ಯಾಡ್‌ನಾಗ ಫೈಲ್ ತಗೀತಾನ, ಕಡಿತ 1.5 ಇದ್ದದ್ದನ್ನ 1 ಮಾಡ್ತಾನ, ಸೇವ್ ಮಾಡಿ ಎಫ್5 ಒತ್ತತಾನ, ಮೂಲ್ಯಾಗಿನ ಕೆಂಪು ಚುಕ್ಕಿ ಹಸಿರು ಆಗತೈತಿ, "ಹಸಿರು ಬಂತ್ರೀ ಸರ" ಅಂತ ಫೋನ್. ನಾ ಮನ್ಯಾಗ ಚಾ ಕುಡಕೋತ ಕುಂತಿರ್ತೀನಿ. ಈ ಸುಖಕ್ಕ ಒಂದು ರೂಪಾಯಿ ಕೊಟ್ಟಿಲ್ಲ, ಲುವಾದ್ದು ಎಂಐಟಿ ಲೈಸೆನ್ಸ್, ಪುಕ್ಕಟೆ ಬಳಸಬಹುದು. ಸ್ಟ್ಯಾಂಡರ್ಡ್ ಲೈಬ್ರರಿ ಸೇರಿ 300 ಕೆಬಿ ಒಳಗ ಮುಗೀತೈತಿ, ಧೂಳು ತಿಂದ ಆ ಕಾಟಾ ರೂಮಿನ ಪಿಸಿಗೆ ಗೊತ್ತೂ ಆಗೂದಿಲ್ಲ. ಪೈಥಾನ್ ಹಾಕಿದ್ರ ಅದರ ಲೈಬ್ರರಿ ಸಂಸಾರನೂ ಹೊತ್ಕೊಂಡು ಹೋಗ್ಬೇಕಿತ್ತು. ಸ್ಕ್ರಿಪ್ಟ್ ಕರಿಯೂದೆಲ್ಲಾ ಎರರ್ ಹಿಡಿಯೂ ಪಿಕಾಲ್ (pcall) ಒಳಗ ಇಟ್ರ ಸ್ಕ್ರಿಪ್ಟ್ ಬಿದ್ರೂ ತೂಕ ನಿಲ್ಲೂದಿಲ್ಲ.

ಆದ್ರ ಒಂದು ವಿಷಯಕ್ಕ ಲುವಾ ಮ್ಯಾಲ ನನಗ ಇನ್ನೂ ಸಿಟ್ಟೈತಿ. ವೇರಿಯಬಲ್ ಹೆಸರು ಇಂಗ್ಲಿಷ್ ಅಕ್ಷರದಾಗ ಇರ್ಬೇಕು. ರವದಿ ಅಂತ ಬರೀಬೇಕಾದ್ರ ಒಬ್ಬಾಂವ ವಿ ಆದಮ್ಯಾಲ ಎ ಹಾಕ್ತಾನ, ರಾತ್ರಿ ಶಿಫ್ಟ್‌ನವ ಹಾಕೂದಿಲ್ಲ. ಲುವಾ ತಪ್ಪು ಅನ್ನೂದಿಲ್ಲ, ಸುಮ್ನ ಹೊಸಾ ಗ್ಲೋಬಲ್ (ಎಲ್ಲಾ ಕಡೆ ಕಾಣೂ ವೇರಿಯಬಲ್) ಹುಟ್ಟಿಸಿ ಕೂಡತೈತಿ! ಚುಕ್ಕಿ ಹಸಿರು, ಆಪರೇಟರ್ ಖುಷಿ, ಕಡಿತ ಮಾತ್ರ ಹಳೇದ. ಎಫ್5 ಒತ್ತಿದ್ರೂ ಲುವಾದ ಸ್ಟೇಟ್, ಅಂದ್ರ ಅದರ ನೆನಪು, ಅದ ಇರತೈತಲ್ಲ, ಹಳೇ ಬೆಲೆ ಹಂಗ ಉಳೀತೈತಿ. ಬೆಳಿಗ್ಗೆ ರೈತರು ಚೀಟಿ ಹಿಡ್ಕೊಂಡು ಬಂದು ಕಿಡಕಿ ಬಡದ್ರು, ಕಬ್ಬಿನ ತೂಕದ ಮಾತು ಅಂದ್ರ ನಮ್ಮ ಕಡೆ ಸಣ್ಣದಲ್ಲ, ನಿಮಗೂ ಗೊತ್ತು.

ಇದಕ್ಕ ಮದ್ದು ಐತಿ ಅನ್ನೂದು ಖರೆ. ಬೇಕಾದ ಹೆಸರೆಲ್ಲಾ ಸಿ ಪ್ಲಸ್ ಪ್ಲಸ್ ಕಡೆಯಿಂದ ಮೊದ್ಲ ಇಟ್ಟು, ಗ್ಲೋಬಲ್ ಟೇಬಲ್‌ಗೆ ಒಂದು ಮೆಟಾಟೇಬಲ್ (ಟೇಬಲ್ ಹೆಂಗ ನಡೀಬೇಕು ಅಂತ ಹೇಳೂ ಇನ್ನೊಂದು ಟೇಬಲ್) ಹಾಕಿ, ಹೊಸಾ ಹೆಸರು ಬಂದಾಗ ಓಡೂ ನ್ಯೂಇಂಡೆಕ್ಸ್‌ನಾಗ ಎರರ್ ಕೊಟ್ರ ಗುರ್ತಿಲ್ಲದ ಹೆಸರು ಬಂದ ಕೂಡ್ಲೆ ಚುಕ್ಕಿ ಕೆಂಪಾಗತೈತಿ, ಹತ್ತು ಸಾಲಿನ ಕೆಲಸ. ಇಷ್ಟು ಸಣ್ಣ ಕಾವಲು ಭಾಷೆದಾಗ ಯಾಕಿರಲಿಲ್ಲ ಅಂತ ಬೈಕೋತನ ಬರದೆ, ಬರದಮ್ಯಾಲ ಇಷ್ಟು ಸಲೀಸಾಗಿ ಬಗ್ಗೂ ಭಾಷೆ ಬ್ಯಾರೆ ಯಾವ್ದೈತಿ ಅಂತನೂ ಅನಿಸ್ತು.

ಚೀಟಿ ಪ್ರಿಂಟ್ ಮಾಡೂರಿಗೆ ಒಂದು ಮಾತು, ಅಗಲ ಅಳ್ಯಾಕ ಲುವಾದಾಗ ಉದ್ದ ಹೇಳೂ # ಚಿಹ್ನೆ ನಂಬಬ್ಯಾಡ್ರಿ, "ಮುಧೋಳ" ಅಂದ್ರ ಅದಕ್ಕ 15 ಬೈಟ್, ಯುಟಿಎಫ್8 ಲೈಬ್ರರಿಗೆ 5 ಸಂಕೇತ, ನಮ್ಮ ಕಣ್ಣಿಗೆ 3 ಅಕ್ಷರ.

ಲುವಾ 5.5 ರಾಗ ಗ್ಲೋಬಲ್ ಡಿಕ್ಲೇರ್ ಮಾಡೂ ಸೌಲಭ್ಯ ಕೊಟ್ಟಾರ, ಆದ್ರ ಕಬ್ಬು ನುರಿಯೂ ಹೊತ್ತಿನ್ಯಾಗ ವರ್ಶನ್ ಮುಟ್ಟೂ ಧೈರ್ಯ ನನಗಿಲ್ಲ.