ಉಪ್ಪಿನ ಗಿಳಿ, ಮೆಂತ್ಯದ ತಟ್ಟೆ

ದೀಪಾವಳಿಗೆ ನೆಂಟರ ಮನೆಗೆ ಕೊಡಲು ಮಕ್ಕಳ ಕೈಯಲ್ಲೇ ಏನಾದರೂ ಮಾಡಿಸುವ ಹಟಕ್ಕೆ ಬಿದ್ದು, ಎರಡು ವರ್ಷಗಳಲ್ಲಿ ಮೂರು ಬಗೆಯನ್ನು ಪ್ರಯೋಗಿಸಿದೆ: ಮೈದಾ ಮತ್ತು ಉಪ್ಪಿನ ಹಿಟ್ಟು, ಅಂಗಡಿಯ ಪೊಟ್ಟಣದಲ್ಲಿ ಸಿಗುವ ತಾನಾಗಿ ಒಣಗುವ ಕ್ಲೇ, ಹಳೆಯ ಪತ್ರಿಕೆಯನ್ನು ಮೆಂತ್ಯದೊಂದಿಗೆ ರುಬ್ಬಿದ ಮುದ್ದೆ. ನನ್ನ ಮತ ಮುದ್ದೆಗೇ. ಯಾಕೆಂದು ಹೇಳಲು ಮೊದಲು ಗಿಳಿಯ ಕಥೆ ಹೇಳಬೇಕು.

ಎರಡು ಲೋಟ ಮೈದಾ, ಒಂದು ಲೋಟ ಪುಡಿ ಉಪ್ಪು, ಮುಕ್ಕಾಲು ಲೋಟದಷ್ಟು ನೀರು. ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ನಾದಿದರೆ ಮುಗಿಯಿತು. ಮಗಳು ಗಿಳಿ, ಮಾವಿನೆಲೆ, ನಕ್ಷತ್ರಗಳನ್ನು ಕತ್ತರಿಸಿದಳು. ಐದು ವರ್ಷದ ಮಗ ಒಂದೇ ಉಂಡೆಯನ್ನು ಮೊದಲು ಆನೆ, ಆಮೇಲೆ ಬಸ್, ಕೊನೆಗೆ ಅಜ್ಜ ಎಂದ. ನಮ್ಮ ಮನೆಯಲ್ಲಿ ಓವನ್ ಇಲ್ಲ, ನಾಲ್ಕು ದಿನ ಬಿಸಿಲಿಗಿಟ್ಟೆವು. ಬೆರಳಿನಿಂದ ತಟ್ಟಿದರೆ ಟಕ್ ಎನ್ನುವಷ್ಟು ಗಟ್ಟಿಯಾದವು. ಬಣ್ಣ ಹಚ್ಚಿ, ದಾರ ಪೋಣಿಸಿ, ಬೀಗುತ್ತಾ ಹಂಚಿದೆವು.

ಹದಿನೈದು ದಿನಕ್ಕೆ ಅತ್ತಿಗೆಯ ಫೋನ್ ಬಂತು. "ನಿನ್ನ ಮಗಳ ಗಿಳಿಗೆ ಬೆವರು ಬಂದಿದೆ ಮಾರಾಯ್ತಿ!"

ಹೋಗಿ ನೋಡಿದೆ. ನಾವಿರುವುದು ಉಡುಪಿಯಲ್ಲಿ, ಆ ವಾರ ಮಳೆಯೂ ಬಂದಿತ್ತು. ಗಿಳಿಯ ಮೈ ಜಿಗುಟಾಗಿತ್ತು, ಬಾಲದ ತುದಿಯಲ್ಲಿ ಒಂದು ಹನಿ ತೂಗುತ್ತಿತ್ತು, ಹಸಿರು ಬಣ್ಣ ದೇವರ ಕೋಣೆಯ ಗೋಡೆಗೆ ಇಳಿದಿತ್ತು. ದಾರವಂತೂ ಮೆತ್ತಗಾದ ಕುತ್ತಿಗೆಯನ್ನು ಅರ್ಧ ಕೊಯ್ದುಬಿಟ್ಟಿತ್ತು. ಉಪ್ಪು ಗಾಳಿಯ ಪಸೆ ಹೀರುತ್ತದೆ ಎಂಬುದು, ಉಪ್ಪಿನ ಡಬ್ಬಿಗೆ ನಾಲ್ಕು ಅಕ್ಕಿ ಕಾಳು ಹಾಕಿಡುವ ನನಗೆ ಮೊದಲೇ ಹೊಳೆಯಬೇಕಿತ್ತು.

ಸುಮ್ಮನಾಗಲಿಲ್ಲ. ಮನೆಯಲ್ಲಿ ಉಳಿದಿದ್ದವನ್ನು ಹೆಂಚಿನ ಮೇಲೆ ಸಣ್ಣ ಉರಿಯಲ್ಲಿ ಬಿಸಿ ಮಾಡಿದೆ. ತಳ ಕಂದಾಯಿತು, ನಡು ಹಸಿಯಾಗಿಯೇ ಉಳಿಯಿತು. ವಾರ್ನಿಷ್ ಬಳಿದೆ. ಒಳಗಿನ ತೇವ ಹೊರಬರಲಾರದೆ ವಾರ್ನಿಷ್ ಬೊಬ್ಬೆಯೆದ್ದು ಸಿಪ್ಪೆಯಾಯಿತು. ಇತ್ತ ಬಳ್ಳಾರಿಯಲ್ಲಿರುವ ತಂಗಿ ಅದೇ ಅಳತೆಯಲ್ಲಿ ಮಾಡಿದ ನಕ್ಷತ್ರ ಎರಡು ಬೇಸಿಗೆ ಕಳೆದರೂ ಕಲ್ಲಿನಂತೆ ಅವಳ ಬಾಗಿಲಲ್ಲಿ ತೂಗುತ್ತಿದೆ. ಒಣ ಸೀಮೆಯವರು, ಓವನ್ ಇರುವವರು ಧೈರ್ಯವಾಗಿ ಮಾಡಬಹುದು. ಕರಾವಳಿಯವರು ಮೈದಾವನ್ನು ಪರೋಟಕ್ಕೆ ಇಟ್ಟುಕೊಳ್ಳುವುದು ಲೇಸು.

ಕ್ಲೇ ಬಗ್ಗೆ ಹೆಚ್ಚು ಹೇಳುವುದಿಲ್ಲ. ನುಣುಪು ಚೆನ್ನ, ಕಣ್ಣು ಮೂಗು ಸ್ಪಷ್ಟವಾಗಿ ಮೂಡುತ್ತವೆ. ಆದರೆ ನಾನು ತಂದ 400 ರೂಪಾಯಿಯ ಪೊಟ್ಟಣ ಇಬ್ಬರು ಮಕ್ಕಳಿಗೆ ಒಂದು ಮಧ್ಯಾಹ್ನಕ್ಕೆ ಸಾಲಲಿಲ್ಲ, ಬಾಯಿ ಸರಿಯಾಗಿ ಕಟ್ಟದೆ ಇಟ್ಟ ಚೂರು ಮರುದಿನ ಇಟ್ಟಿಗೆಯಾಗಿತ್ತು. ದಪ್ಪಗೆ ಮಾಡಿದ ಗಣಪತಿಯ ಹೊಟ್ಟೆ ಒಣಗುವಾಗ ಬಿರುಕು ಬಿಟ್ಟಿತು.

ಇನ್ನು ಮುದ್ದೆ. ನನ್ನ ಅಜ್ಜಿ ಹೊಸ ಗೆರಸೆಯ ಸಂದು ಮುಚ್ಚಲು ಕಾಗದ ಮತ್ತು ಮೆಂತ್ಯ ರುಬ್ಬಿ ಬಳಿಯುತ್ತಿದ್ದರು. ನೆನಪಾದದ್ದು ಗಿಳಿ ಸತ್ತ ಮೇಲೆ. ಪತ್ರಿಕೆಯ ಇಪ್ಪತ್ತು ಹಾಳೆಗಳನ್ನು ಚೂರು ಮಾಡಿ ಎರಡು ದಿನ ನೆನೆಸಬೇಕು. ಹರಿಯುವ ಕೆಲಸಕ್ಕೆ ಮಗನಷ್ಟು ಯೋಗ್ಯರು ಬೇರೆ ಇಲ್ಲ. ಒಂದು ಹಿಡಿ ಮೆಂತ್ಯವನ್ನು ರಾತ್ರಿಯಿಡೀ ಬೇರೆಯಾಗಿ ನೆನೆಸಿ, ಕಾಗದವನ್ನು ಹಿಂಡಿ, ಎರಡನ್ನೂ ಸೇರಿಸಿ ರುಬ್ಬಬೇಕು. ಮೆಂತ್ಯದ ಲೋಳೆಯೇ ಅಂಟು. ಮಿಕ್ಸಿ ಬಿಸಿಯಾಗಿ ನಿಂತುಹೋದದ್ದರಿಂದ ಗ್ರೈಂಡರಿಗೆ ಹಾಕಿದೆ. ಆ ವಾರದ ದೋಸೆಗೆಲ್ಲ ಮೆಂತ್ಯದ ವಾಸನೆ, ಅತ್ತೆ ಏನೂ ಅನ್ನಲಿಲ್ಲ, ಗ್ರೈಂಡರನ್ನು ತಾವೇ ಮೂರು ಸಲ ತೊಳೆದರು.

ಬಟ್ಟಲನ್ನು ಕವುಚಿ, ಪ್ಲಾಸ್ಟಿಕ್ ಹಾಳೆ ಹೊದಿಸಿ, ಮೇಲೆ ಮುದ್ದೆಯನ್ನು ತೆಳ್ಳಗೆ ತಟ್ಟಿದರೆ ಅರಸಿನ-ಕುಂಕುಮದ ತಟ್ಟೆ ಸಿದ್ಧ. ಮಗಳು ಅಂಚಿಗೆ ಹುಣಸೆ ಬೀಜ ಒತ್ತಿದಳು. ಒಣಗಿದ ಮೇಲೆ ಮೊದಲು ಬಿಳಿ ಬಣ್ಣ ಬಳಿಯದಿದ್ದರೆ ಬೂದು ಮುಖ ಹೋಗುವುದಿಲ್ಲ. ಗಿಳಿಯ ಕೊಕ್ಕಿನಂಥ ಸೂಕ್ಷ್ಮ ಇದರಲ್ಲಿ ಬರುವುದಿಲ್ಲ. ಆಗಸ್ಟಿನಲ್ಲಿ ಮಾಡಿದ ಒಂದಕ್ಕೆ ಬೂಷ್ಟು ಹಿಡಿಯಿತು, ಬಿಸಿಲು ನೋಡಿಯೇ ಕೈಹಾಕಬೇಕು. ಖರ್ಚು ಮೆಂತ್ಯದ್ದು, ಬಣ್ಣದ್ದು ಅಷ್ಟೇ.

ಕಳೆದ ವರ್ಷ ಕೊಟ್ಟ ಆರು ತಟ್ಟೆಗಳೂ ಒಂದು ಮಳೆಗಾಲ ದಾಟಿವೆ. ಈ ಸಲ ಅತ್ತಿಗೆ ತಾವಾಗಿಯೇ ಹಳೆಯ ಪತ್ರಿಕೆಗಳ ಕಟ್ಟು ಕಳುಹಿಸಿದ್ದಾರೆ. ಮೇಲೊಂದು ಚೀಟಿ: "ಗಿಳಿ ಬೇಡ."